ಆರು ತಿಂಗಳ ಚೀಲ

ಮೂಗಿನಲ್ಲಿ ನಳಿಕೆ ಇದ್ದರೂ ಕಂಡಕ್ಟರನ ಬಾಯಿ ಸುಮ್ಮನಿರಲಿಲ್ಲ. ಬಸ್ಸಿನಲ್ಲಿ ಊದಿ ಊದಿ ‘ಸೀಟಿಮಾವ’ ಎಂದೇ ಹೆಸರಾದವನು. ಹೊಟ್ಟೆಯೊಳಗಿನ ಹಸಿರುಗಪ್ಪು ನೀರು ಆ ನಳಿಕೆಯಿಂದ ಮಂಚದ ಪಕ್ಕದ ಬಾಟಲಿಗೆ ಇಳಿಯುತ್ತಿತ್ತು. ಅದನ್ನು ನೋಡಲಾರದೆ ಹೆಂಡತಿ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದಳು.

ವಾರದಿಂದ ಹೊಟ್ಟೆ ಕಟ್ಟಿಕೊಂಡಿತ್ತು. “ನಡುದಾರೀಲಿ ಬಸ್ ನಿಲ್ಲಿಸಿ ಹೋಗೋಕಾಗುತ್ತಾ? ತಡ್ಕೊಂಡು ತಡ್ಕೊಂಡೇ ಹೀಗಾಗಿದ್ದು” ಎಂದು ಅವನು, “ಅಂಗಡಿ ತಿಂಡಿ ಬಿಡಿ ಅಂದ್ರೆ ಕೇಳ್ತೀರಾ?” ಎಂದು ಇವಳು. ಹೊಟ್ಟೆ ಗಾಳಿ ತುಂಬಿದ ಟಯರಿನಂತೆ ಬಿಗಿದು ವಾಂತಿ ಶುರುವಾದ ಮೇಲೆ ಆಸ್ಪತ್ರೆಗೆ ಓಡಿ ಬಂದರು. ಡಾಕ್ಟರುಗಳು ಸ್ಕ್ಯಾನ್ ನೋಡಿ, ದೊಡ್ಡ ಕರುಳಿನಲ್ಲಿ ಗಡ್ಡೆ ಬೆಳೆದು ದಾರಿ ಮುಚ್ಚಿದೆ ಎಂದರು. ಕ್ಯಾನ್ಸರ್ ಎಂಬ ಮಾತನ್ನು ಒಮ್ಮೆ ಮಾತ್ರ ಆಡಿದರು, ಒಮ್ಮೆಯೇ ಸಾಕಾಯಿತು. ಬಾಯಿಗೆ ಹನಿ ನೀರೂ ಇಲ್ಲ, ಎಲ್ಲ ಡ್ರಿಪ್ಪಿನಲ್ಲೇ. ಕೆಳಗಿನಿಂದ ಕೊಳವೆ ಹಾಕಿ, ಗಡ್ಡೆಯ ನಡುವೆ ಜಾಲರಿಯಂಥ ಸ್ಟೆಂಟ್ ಕೂರಿಸಿ ದಾರಿ ಬಿಡಿಸಲು ನೋಡಿದರು. ಸ್ಟೆಂಟ್ ಸಾಗಿಸುವ ತಂತಿ ಗಡ್ಡೆಯನ್ನು ದಾಟಲೇ ಇಲ್ಲ.

ಆಮೇಲೆ ಆಪರೇಷನ್ ಮಾಡುವ ಡಾಕ್ಟರಮ್ಮ ಬಂದು ಮಂಚದ ಅಂಚಿನಲ್ಲಿ ಕುಳಿತರು. “ಹೊಟ್ಟೆ ತೆರೆದು ನೋಡ್ತೀವಿ. ಗಡ್ಡೆ ತೆಗೆಯೋ ಹಾಗಿದ್ರೆ ತೆಗೆದು, ಕರುಳಿನ ತುದೀನ ಹೊಟ್ಟೆ ಮೇಲಕ್ಕೆ ತರ್ತೀವಿ. ಮಲ ಅಲ್ಲಿ ಅಂಟಿಸಿದ ಚೀಲಕ್ಕೆ ಬರುತ್ತೆ. ಎಲ್ಲಾ ಸರಿಹೋದ್ರೆ ಆರು ತಿಂಗಳಾದ್ಮೇಲೆ ಮತ್ತೆ ಜೋಡಿಸಬಹುದು. ತೆಗೆಯೋಕೆ ಆಗದಿದ್ರೂ ಚೀಲ ಬೇಕು, ಆದ್ರೆ ಆವಾಗ…”

“ಚೀಲ ನನಗೇನು ಹೊಸದಾ ಡಾಕ್ಟ್ರೇ? ಕೆಲಸಕ್ಕೆ ಸೇರಿದಾಗಿಂದ ಹೆಗಲಿಗೆ ಹಾಕ್ಕೊಂಡೇ ಇದೀನಿ. ಇನ್ನೊಂದು ಇರಲಿ ಬಿಡಿ.”

‘ಆದ್ರೆ’ಯ ಮುಂದಿನದನ್ನೂ ಡಾಕ್ಟರಮ್ಮ ಬಿಡಿಸಿ ಹೇಳಿದರು. ಹೆಂಡತಿ ಕೇಳಿಸಿಕೊಂಡಳು. ಅವನ ಕಿವಿಯಲ್ಲಿ ಉಳಿದದ್ದು ಆರು ತಿಂಗಳು ಮಾತ್ರ.

ಚೀಲ ಎಲ್ಲಿ ಬರಬೇಕೆಂದು ಗುರುತು ಹಾಕಲು ನರ್ಸ್ ಪೆನ್ನು ಹಿಡಿದು ಬಂದಳು. ಕೂರಿಸಿದಳು, ಬಗ್ಗಿಸಿದಳು, ಹಿಡಿದು ನಿಲ್ಲಿಸಿದಳು.

“ಸ್ವಲ್ಪ ಕೆಳಗೆ ಹಾಕಿ ಸಿಸ್ಟರ್. ಕ್ಯಾಶ್ ಬ್ಯಾಗು ಒತ್ತುತ್ತೆ.”

“ಆಗ್ಲೇ ಡ್ಯೂಟಿ ಚಿಂತೇನಾ?”

“ಮತ್ತೆ? ನಾನಿಲ್ದಿದ್ರೆ ನಮ್ಮ ಡ್ರೈವರು ಸ್ಟಾಪಲ್ಲಿ ನಿಲ್ಲಿಸೋದೇ ಇಲ್ಲ.”

ಎಷ್ಟೋ ದಿನಗಳ ಮೇಲೆ ಹೆಂಡತಿಗೆ ನಗು ಬಂತು.

ಗಡ್ಡೆ ತೆಗೆಯುವುದಾದರೆ ಮಧ್ಯಾಹ್ನ ಮೀರುತ್ತದೆ ಎಂದಿದ್ದರು. ಬೆಳಿಗ್ಗೆ ಅವನನ್ನು ಆಪರೇಷನ್‌ಗೆ ಒಳಗೆ ಒಯ್ದ ಮೇಲೆ, ಹೊರಗಿನ ಬೆಂಚಿನಲ್ಲಿ ಅವಳು ಬೆನ್ನು ಒರಗಿಸುವಷ್ಟರಲ್ಲೇ ಬಾಗಿಲು ತೆರೆಯಿತು. ಬೇಗ ಮುಗಿಯಿತಲ್ಲ ಎಂದು ಹಗುರಾಗಿ ಎದ್ದವಳು, ಡಾಕ್ಟರಮ್ಮನ ಮುಖ ಕಂಡು ಮತ್ತೆ ಕುಳಿತಳು.

“ಸ್ಕ್ಯಾನಲ್ಲಿ ಕಾಣದಷ್ಟು ಸಣ್ಣ ಸಣ್ಣ ಗಂಟು, ಹೊಟ್ಟೆ ಒಳಪದರದ ತುಂಬಾ ಹರಡಿದೆಯಮ್ಮ. ಗಡ್ಡೆ ಹಿಂದಕ್ಕೆ ಅಂಟಿಕೊಂಡಿದೆ. ಮುಟ್ಟೋ ಹಾಗಿರಲಿಲ್ಲ. ಅದರ ಮೇಲಿನ ಕರುಳನ್ನ ಹೊರಗೆ ತಂದು ದಾರಿ ಮಾಡಿದೀವಿ, ಅಷ್ಟೇ. ಔಷಧಿಯಿಂದ ಒಂದಷ್ಟು ಕಾಲ ತಡೆಯಬಹುದು. ಅವರಿಗೆ ನಾಳೆ ಬೆಳಿಗ್ಗೆ ನಾನೇ ಹೇಳ್ತೀನಿ. ನೀವು ಹೇಳ್ಬೇಕಾಗಿಲ್ಲ.”

ಸಂಜೆ ಎಚ್ಚರವಾದಾಗ ಅವನ ಕೈ ಮೊದಲು ಹೋದದ್ದು ಹೊಟ್ಟೆಗೆ. ಬೆರಳು ತಡವರಿಸಿ ಚೀಲವನ್ನು ಮುಟ್ಟಿತು. ಒಣಗಿದ ತುಟಿ ಅರಳಿತು.

“ಹಾಕಿದಾರೆ” ಎಂದ. “ಅಂದ್ರೆ ತೆಗೆದ್ರು.”

ಅವಳು ಒದ್ದೆ ಹತ್ತಿಯಿಂದ ಅವನ ತುಟಿ ಒರೆಸಿದಳು.

“ಡಿಪೋಗೆ ಒಂದು ಫೋನ್ ಮಾಡು. ಆರು ತಿಂಗಳು ಅನ್ನು. ನನ್ನ ರೂಟು ಯಾರಿಗೂ ಕೊಡಬೇಡಿ ಅನ್ನು.”

“ನಾಳೆ ಮಾಡೋಣ.”

“ಈಗಲೇ ಮಾಡೇ. ಆಮೇಲೆ ಇನ್ನೊಬ್ಬ ಬಂದು ಕೂತ್ರೆ ಏಳಿಸೋರ್ಯಾರು?”

ಬೆಳಿಗ್ಗೆವರೆಗೆ ಸುಮ್ಮನಿರಬಹುದಿತ್ತು. ಆದರೆ ರಾತ್ರಿಯಿಡೀ ಅವನು ಹೀಗೆ ಲೆಕ್ಕ ಹಾಕುತ್ತ, ಅವಳು ಹೂಂಗುಡುತ್ತ, ಬೆಳಿಗ್ಗೆ ಡಾಕ್ಟರಮ್ಮನ ಎದುರು ಅವನು ಇವಳ ಮುಖ ನೋಡುವಂತಾದರೆ? ಅವಳು ಹತ್ತಿಯನ್ನು ಬಟ್ಟಲಲ್ಲಿಟ್ಟಳು.

“ತೆಗೆಯೋಕಾಗ್ಲಿಲ್ಲ ರೀ. ಹರಡಿಬಿಟ್ಟಿದೆ. ದಾರಿ ಮಾತ್ರ ಮಾಡಿದಾರೆ.”

ಅವನು ಚೀಲದ ಮೇಲಿನ ಕೈ ತೆಗೆಯಲಿಲ್ಲ. ಪಕ್ಕದ ಮಂಚದವರು ಕೆಮ್ಮಿ, ನೀರು ಕುಡಿದು, ಲೋಟ ಇಟ್ಟರು.

“ಹಾಗಾದ್ರೆ ಇದು ಆರು ತಿಂಗಳ ಮಾತಲ್ಲ.”

“ಅಲ್ಲ.”

“ನಿನಗೆ ಯಾವಾಗ ಗೊತ್ತಾಯ್ತು?”

“ಬೆಳಿಗ್ಗೇನೇ.”

“ಊಟ ಮಾಡಿದ್ಯಾ?”

ಅವಳು ಬಟ್ಟಲಿನ ಹತ್ತಿಯನ್ನು ಮತ್ತೆ ಅದ್ದಿ ಅವನ ತುಟಿಗೆ ಒತ್ತಿದಳು.

ಅಷ್ಟರಲ್ಲಿ ನರ್ಸ್ ಕೈಗವಸು ಹಾಕಿಕೊಂಡು ಬಂದಳು. ಚೀಲಕ್ಕೆ ಆಗಲೇ ಮಲ ಬಂದಿತ್ತು. ಅಷ್ಟು ದಿನ ಒಳಗೇ ಸಿಕ್ಕಿಕೊಂಡದ್ದು. “ಇದನ್ನ ಖಾಲಿ ಮಾಡೋದು ಕಲೀಬೇಕು. ಮನೇಲಿ ಯಾರು ಮಾಡ್ತೀರಿ?”

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

“ನಾನೇ” ಎಂದಳು ಹೆಂಡತಿ. “ತೋರಿಸಿ.”

ಚೀಲದ ಕೆಳಗಿನ ಕ್ಲಿಪ್ ಬಿಚ್ಚಬೇಕು, ಅದರ ಬಾಯಿಯನ್ನು ಪಾತ್ರೆಗೆ ಬಗ್ಗಿಸಬೇಕು, ಒರೆಸಿ ಮತ್ತೆ ಹಾಕಬೇಕು. ಹೊರಗೆ ತಂದ ಕರುಳಿಗೆ ಮುಟ್ಟಿದರೆ ನೋವು ಗೊತ್ತಾಗುವುದಿಲ್ಲ, ಹೆದರಬೇಡಿ ಎಂದಳು ನರ್ಸ್. ಹೆಂಡತಿ ಬಗ್ಗಿ ಅವನ ಹೊಟ್ಟೆಯ ಮೇಲೆ ಕೈಯಿಟ್ಟಳು. ಅವನ ಮೈ ಜುಮ್ಮೆಂದಿತು.

“ಕೈ ತಣ್ಣಗಿದೆ ಕಣೆ” ಎಂದ, ಗೋಡೆಯ ಕಡೆಗೇ.

ಅವಳು ಕೈ ಹಿಂದಕ್ಕೆ ತೆಗೆದು, ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಉಜ್ಜಿ ಬಿಸಿ ಮಾಡಿಕೊಂಡು, ಮತ್ತೆ ಮೊದಲಿಂದ ಶುರು ಮಾಡಿದಳು.