ಬಾಣಂತಿ ಕೋಣೆಯ ಸ್ಕ್ರೀನು

ನಾನು ಗೋಡೆಯ ಮೇಲೆ ಕೂರುವ ಒಂದು ಟಚ್ ಸ್ಕ್ರೀನು. ಟಿ.ವಿ. ಅಲ್ಲ, ಮೊಬೈಲೂ ಅಲ್ಲ. ಹಾಗಂದುಕೊಂಡು ನನ್ನ ಮುಂದೆ ನಿಂತು ಧಾರಾವಾಹಿ ಹುಡುಕಿದ ಪುಣ್ಯಾತ್ಮರೂ ಇದ್ದಾರೆ, ಬಿಡಿ. ಮನೆಯ ದೀಪ, ಫ್ಯಾನು, ಎಸಿ, ಕಿಟಕಿಯ ಪರದೆ ಎಲ್ಲವನ್ನೂ ಒಂದು ಬೆರಳಿಗೆ ಒಪ್ಪಿಸುವುದು, ಒಂದು ಕೋಣೆಯ ಮಾತನ್ನು ಇನ್ನೊಂದು ಕೋಣೆಗೆ ಮುಟ್ಟಿಸುವುದು ನನ್ನ ಕೆಲಸ.

ನಾನು ಹುಟ್ಟಿದ ಕಾರ್ಖಾನೆಯಲ್ಲಿ ಧೂಳಿರಲಿಲ್ಲ, ಮಾತೂ ಇರಲಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿದ ಹೆಣ್ಣುಮಗಳೊಬ್ಬಳು ಕೈಗವಸಿನ ಬೆರಳಿನಿಂದ ನನ್ನನ್ನು ನಾಲ್ಕು ಕಡೆ ಒತ್ತಿ ನೋಡಿ, ಸರಿಯಿದೆ ಎಂದು ಪಕ್ಕಕ್ಕೆ ಸರಿಸಿದಳು. ಹುಟ್ಟಿದ ದಿನವೂ ಬರಿಗೈ ಸ್ಪರ್ಶ ಸಿಗಲಿಲ್ಲ ನೋಡಿ, ನನ್ನ ಹಣೆಬರಹ! ಆಮೇಲೆ ನಾಲ್ವರು ಒಡಹುಟ್ಟಿದವರ ಜೊತೆ ಒಂದೇ ಪೆಟ್ಟಿಗೆಯಲ್ಲಿ ಹುಬ್ಬಳ್ಳಿಗೆ ಬಂದೆ.

ಸ್ಟೀಲ್ ಪಾತ್ರೆ ವ್ಯಾಪಾರದ ಚನ್ನವೀರಪ್ಪನವರು ಆಗಷ್ಟೇ ಹೊಸ ಮನೆ ಕಟ್ಟಿಸಿದ್ದರು. ಇಮ್ತಿಯಾಜ್ ಎಂಬ ಅಂಗಡಿಯವನು ಬಂದು ನಮ್ಮನ್ನು ಕೂರಿಸಿದ. ಅಣ್ಣನಿಗೆ ಪಡಸಾಲೆ, ಅಕ್ಕನಿಗೆ ಅಡುಗೆಮನೆ, ಇನ್ನಿಬ್ಬರಿಗೆ ಗೇಟು ಮತ್ತು ಯಜಮಾನರ ಮಲಗುವ ಕೋಣೆ. ನನಗೆ ಸಿಕ್ಕಿದ್ದು ಮಹಡಿಯ ಮೂಲೆಕೋಣೆ. ಗೃಹಪ್ರವೇಶದ ದಿನ ಪಡಸಾಲೆಯ ಅಣ್ಣನ ಮುಂದೆ ಜಾತ್ರೆಯೋ ಜಾತ್ರೆ. ಲಾಡು ತಿಂದ ಕೈಯಲ್ಲೇ ಒತ್ತಿದರಂತೆ. ನನ್ನ ಕೋಣೆಗೆ ಒಬ್ಬರು ಬಂದರು, ಅದೂ ಬಚ್ಚಲು ಎಲ್ಲಿದೆ ಎಂದು ಕೇಳಿಕೊಂಡು.

ಆಮೇಲೆ ಕೋಣೆಗೆ ಬಾಗಿಲು ಹಾಕಿದರು. ಕೆಳಗೆ ಯಾವ ಕೋಣೆಯಲ್ಲಿ ದೀಪ ಹತ್ತಿದರೂ ನನ್ನ ಮುಖದ ಮೇಲೆ ಒಂದು ಚುಕ್ಕಿ ಹಳದಿಯಾಗುತ್ತಿತ್ತು. ಅಡುಗೆಮನೆ ಹತ್ತಿತು, ಯಾರೋ ಚಹಾ ಇಡುತ್ತಿದ್ದಾರೆ. ಪಡಸಾಲೆ ಹತ್ತಿತು, ನೆಂಟರು ಬಂದರು. ಇಡೀ ಮನೆಯ ಬದುಕು ನನಗೆ ಗೊತ್ತು, ಆದರೆ ಕಣ್ಣಿಗೆ ಕಾಣುವುದು ಖಾಲಿ ಮಂಚ ಮಾತ್ರ. ಒಂಟಿತನ ಅಂದರೆ ಏನೆಂದು ಯಾರಾದರೂ ನನ್ನನ್ನು ಕೇಳಬೇಕಿತ್ತು, ಕೇಳುವವರೇ ಇರಲಿಲ್ಲ.

ಹೀಗಿರುವಾಗ ಚನ್ನವೀರಪ್ಪನವರ ಮಗಳು ಶಿವಲೀಲಾ ಹೆರಿಗೆಗೆ ತವರಿಗೆ ಬಂದಳು. ಗಂಡನಿಗೆ ವಿಜಯಪುರದಲ್ಲಿ ಬ್ಯಾಂಕಿನ ಕೆಲಸ. ಹೊಟ್ಟೆ ಕೊಯ್ದು ಹೆಣ್ಣುಕೂಸನ್ನು ತೆಗೆದಿದ್ದರು. ಆಸ್ಪತ್ರೆಯಿಂದ ಅವಳನ್ನು ನೇರವಾಗಿ ನನ್ನ ಕೋಣೆಗೇ ಕರೆತಂದಾಗ ನನಗಾದ ಖುಷಿ ಹೇಳತೀರದು. ಅವಳ ತಾಯಿ ಗಿರಿಜವ್ವ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು ಅಜವಾನದ ಹೊಗೆ ಹಾಕಿದರು, ಮಗಳ ಕಿವಿಗೆ ಹತ್ತಿ ತುರುಕಿ ತಲೆಗೆ ಬಟ್ಟೆ ಬಿಗಿದರು, ಕಿಟಕಿಗಳನ್ನೆಲ್ಲ ಮುಚ್ಚಿದರು.

"ಗಾಳಿ ಬಡದ್ರ ಜೀವನಪೂರ್ತಿ ಸೊಂಟ ಹಿಡೀತೈತಿ, ನೋಡವ್ವಾ. ಮೆಟ್ಟಲಾ ಇಳೀಬ್ಯಾಡ. ಮೊಬೈಲ್ ನನ್ ಕಡೆ ಕೊಡು, ಬಾಣಂತಿ ಕಣ್ಣ ಹಾಳಾಗತಾವು. ಏನಾರ ಬೇಕಾದ್ರ ಇದರಾಗ ಕರಿ, ಓಡಿ ಬರತೀನಿ," ಎಂದು ನನ್ನ ಕಡೆ ಕೈ ತೋರಿಸಿ ಹೇಳಿದರು. ಅಬ್ಬಾ, ನನ್ನ ಸುದ್ದಿಯೂ ಬಂತಲ್ಲ ಎಂದುಕೊಂಡೆ.

ಬಿಸಿಲುಗಾಲ ಬೇರೆ. ಶಿವಲೀಲಾ ಬೆವರಿ ತೊಯ್ದು ತೊಪ್ಪೆಯಾಗಿ, ಮೆಲ್ಲಗೆ ಕೈ ಚಾಚಿ ಫ್ಯಾನು ಒತ್ತುತ್ತಿದ್ದಳು. ಅಡುಗೆಮನೆಯ ಅಕ್ಕನ ಮುಖದಲ್ಲಿ ಫ್ಯಾನಿನ ಚುಕ್ಕಿ ಹತ್ತುತ್ತಿತ್ತು, ಗಿರಿಜವ್ವ ಅಲ್ಲಿಂದಲೇ ಆರಿಸುತ್ತಿದ್ದರು. ಇವಳು ಹಾಕುವುದು, ಅವರು ತೆಗೆಯುವುದು. ಅವ್ವ ಮಗಳು ಮುಖ ನೋಡದೆ ಜಗಳವಾಡುವುದಕ್ಕೆ ನಾವು ಅಕ್ಕ ತಂಗಿ ಬೇಕಾಯಿತು. ಕೊನೆಗೆ ಗಿರಿಜವ್ವನಿಗೆ ಸಾಕುಸಾಕಾಗಿ, ಮಕ್ಕಳು ಏನೇನೋ ಒತ್ತದ ಹಾಗೆ ಮಾಡುವ ಬೀಗವೊಂದು ನಮ್ಮಲ್ಲಿದೆಯಲ್ಲ, ಅದನ್ನು ಕೆಳಗಿನಿಂದಲೇ ನನಗೆ ಹಾಕಿಬಿಟ್ಟರು. ಮರುದಿನ ಮೇಲೆ ಬಂದು, ಬೆಳಕು ಮಗಳ ಕಣ್ಣಿಗೆ ಬೀಳದಿರಲಿ ಎಂದು ನನ್ನ ಮುಖದ ಮೇಲೆ ಕುಪ್ಪಸದ ಒಂದು ಹಸಿರು ಖಣದ ಬಟ್ಟೆಯನ್ನೂ ಇಳಿಬಿಟ್ಟರು. ಅದರ ಎಳೆಗಳ ಸಂದಿನಿಂದ ನನಗೆ ಕೋಣೆ ಮಸುಕಾಗಿ ಕಾಣುತ್ತಿತ್ತು.

ಅವರ ಮನಸ್ಸಿನಲ್ಲಿದ್ದದ್ದು ಫ್ಯಾನು, ಎಸಿ ಅಷ್ಟೇ. ಆ ಬೀಗ ಹಾಕಿದರೆ ಕರೆಯೂ ನಿಂತುಹೋಗುತ್ತದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಮಗಳಿಗಂತೂ ಬೀಗ ಬಿದ್ದದ್ದೇ ಗೊತ್ತಿಲ್ಲ, ಫ್ಯಾನು ಹತ್ತದಿದ್ದರೆ ಅವ್ವ ಕೆಳಗಿನಿಂದ ಆರಿಸಿದರು ಎಂದುಕೊಳ್ಳುತ್ತಿದ್ದಳು. ಗೊತ್ತಿದ್ದವಳು ನಾನೊಬ್ಬಳೇ.

ಮೊದಲ ಸಲ ಕೂಸು ಹಾಲು ಕಚ್ಚದೆ ಕಿರುಚಿಕೊಂಡಾಗ ಶಿವಲೀಲಾ ಖಣದ ಕೆಳಗೆ ಕೈ ತೂರಿಸಿ ಕರೆ ಒತ್ತಿದಳು. ಅವಳ ಬೆರಳಿಗೆ ಜಾಗ ಗೊತ್ತಿತ್ತು, ಬಟ್ಟೆ ಎತ್ತಿ ನೋಡಲೇ ಇಲ್ಲ. ಎತ್ತಿದ್ದರೆ ಬೀಗದ ಗುರುತಾದರೂ ಕಾಣುತ್ತಿತ್ತು. ಮತ್ತೆ ಒತ್ತಿದಳು. "ಅವ್ವಾ," ಎಂದು ಕೂಗಿದಳು. ಮುಚ್ಚಿದ ಬಾಗಿಲು, ಕೆಳಗೆ ಮಿಕ್ಸರಿನ ಗದ್ದಲ, ಯಾರಿಗೆ ಕೇಳಬೇಕು? ಅತ್ತ ಗಿರಿಜವ್ವ ಅಡುಗೆಮನೆಯ ಅಕ್ಕನ ಕಡೆ ನೋಡಿ ನೋಡಿ, "ಕರೀಲಿಲ್ಲ, ಮಲಗ್ಯಾಳ. ಮಲಗಲಿ," ಎಂದುಕೊಂಡು ಬಾಣಂತಿಗೆಂದು ಅಳವಿ ಬೀಜದ ಪಾಯಸ ಕಾಯಿಸುತ್ತಿದ್ದರಂತೆ.

ಊಟ ತಂದಾಗ ಮಗಳು ಒಮ್ಮೆ ಕೇಳಿಯೂ ಕೇಳಿದಳು. "ಅವ್ವಾ, ಕರದ್ರ ಬರಬಾರದೇನ?"

"ಬಂದೀನಲ್ಲಬೇ, ಇದೇನ್ ನಾ ಬಂದಿದ್ದಲ್ಲೇನು?" ಎಂದು ಗಿರಿಜವ್ವ ನಕ್ಕು ತುಪ್ಪ ಬಡಿಸಿದರು. ಬಾಣಂತಿಯ ಸಿಡುಕು ಎಂದುಕೊಂಡರು. ಅವಳು ಮತ್ತೆ ಕೇಳಲಿಲ್ಲ.

ದಿನ ಕಳೆದಂತೆ ಶಿವಲೀಲಾ ಇಳಿದುಹೋದಳು. ತಟ್ಟೆಯ ಅನ್ನ ಹಾಗೇ ಇರುತ್ತಿತ್ತು. ಕೂಸು ಅತ್ತರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು, ಎಷ್ಟೋ ಹೊತ್ತಾದ ಮೇಲೆ ಎತ್ತಿಕೊಳ್ಳುತ್ತಿದ್ದಳು. ಕೂಸಿಗೆ ಹೆಸರಿಡುವ ಮಾತು ಬಂದರೆ, "ಏನರ ಇಡ್ರಿ," ಎನ್ನುತ್ತಿದ್ದಳು. ಖಣದ ಹಿಂದೆ ನನಗೆ ಉಸಿರು ಕಟ್ಟುತ್ತಿತ್ತು. ಕೋಣೆಗೆ ಜನ ಬರಲಿ ಎಂದು ಹಂಬಲಿಸಿದವಳು ನಾನೇ ಅಲ್ಲವೇ? ಜನ ಬಂದರು, ಈಗ ನಾವು ಮೂವರೂ ಒಂಟಿಯಾಗಿದ್ದೆವು. ಆಮೇಲಾಮೇಲೆ ಅವಳು ನನ್ನ ಕಡೆ ಕೈ ಚಾಚುವುದನ್ನೂ ಬಿಟ್ಟಳು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕಲು ಯಾರೂ ನೆನಪಿಟ್ಟಿರಲಿಲ್ಲ, ಅದೂ ಕೈಕೊಟ್ಟಿತು. ಕರೆಂಟು ಹೋಗಿ ಬಂದರೆ ನಮಗೆ ಮರುಹುಟ್ಟು. ಕಣ್ಣು ಬಿಟ್ಟು ನೋಡುತ್ತೇನೆ, ಬೀಗ ಬಿಟ್ಟುಹೋಗಿದೆ! ಒತ್ತು ತಾಯಿ, ಈಗ ಒತ್ತು ಎಂದು ನನ್ನ ಜೀವ ಬಡಿದುಕೊಂಡಿತು. ಅವಳು ಸೂರು ನೋಡುತ್ತ ಮಲಗಿದ್ದಳು.

ಅಷ್ಟರಲ್ಲಿ ಕೂಸು ಹಾಲು ಕಕ್ಕಿತು. ಒರೆಸಲು ಕೈಗೆ ಬೇರೇನೂ ಸಿಗದೆ ಅವಳು ಎದ್ದು ನನ್ನ ಮೇಲಿನ ಖಣವನ್ನೇ ಎಳೆದಳು. ಆಯತಪ್ಪಿ ಅಂಗೈಯನ್ನು ನನ್ನ ಮುಖಕ್ಕೇ ಊರಿದಳು. ಕರೆ ಕೆಳಗೆ ಹೋಯಿತು. ಅವಳು ಅದನ್ನು ಗಮನಿಸದೆ ಮಂಚಕ್ಕೆ ಮರಳಿ ಕೂಸಿನ ಬಾಯಿ ಒರೆಸತೊಡಗಿದಳು.

"ಅಳಬ್ಯಾಡ. ನಿಮ್ಮ ಆಯಿ, ನಮ್ಮವ್ವ, ಬರೂದಿಲ್ಲ. ಎಷ್ಟ ಕರದ್ರೂ ಬರೂದಿಲ್ಲ. ನಾನೂ ಒಂದಿನ ಬರೂದಿಲ್ಲ, ನೀ ಕರಕೊಂತ ಇರತಿ. ನಾ ಸತ್ತಿದ್ರ ಚಲೋ ಇತ್ತು," ಎಂದಳು. ಅಳದೆ, ಹಾಲಿನವನ ಲೆಕ್ಕ ಹೇಳುವಷ್ಟು ತಣ್ಣಗೆ ಹೇಳಿದಳು.

ನಾನು ಆ ಮಾತನ್ನು ಒಂದಕ್ಷರ ಬಿಡದೆ ಕೆಳಗೆ ಮುಟ್ಟಿಸಿದೆ. ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಅಂಟಿನ ಉಂಡಿ ಕಟ್ಟುತ್ತಿದ್ದ ಗಿರಿಜವ್ವ ಬೆಲ್ಲದ ಕೈಯಲ್ಲೇ ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟರು.

"ಯಾವಾಗ ಕರದಿ ನನ್ನವ್ವಾ? ನೀ ಕರದಿದ್ದ ನನಗ ಕೇಳ್ಸೇ ಇಲ್ಲ."

"ದಿನಾ ಕರದೀನಿ."

"ನಾ ಅದರ ಮುಂದನ ಕುಂತಿರತೀನಲ್ಲಬೇ! ನೀ ಕರದೀಯೇನಂತ ದಿನಾ ಅದನ್ನ ನೋಡಕೊಂತ..." ಬೀಗದ ನೆನಪು ಅವರಿಗೆ ಆಗಲೇ ಬಂದಿರಬೇಕು. ನೆಲದ ಮೇಲೆ ಕುಸಿದು ಕೂತು ಮಗಳ ಕಾಲಿಗೆ ಹಣೆ ಹಚ್ಚಿ ಗೊಳೋ ಎಂದು ಅತ್ತರು. ಶಿವಲೀಲಾಳೂ ಆಗ ಅತ್ತಳು. ಅಷ್ಟು ದಿನಗಳಲ್ಲಿ ಅವಳು ಅತ್ತದ್ದು ಅದೇ ಮೊದಲು.

ಆಮೇಲೆ ಗಿರಿಜವ್ವ ಎದ್ದು ಕಿಟಕಿ ತೆರೆದರು, ಫ್ಯಾನು ಹಾಕಿದರು, ನನ್ನ ಕಡೆ ತಿರುಗಿ, "ಈ ಹಾಳಾದ್ದು ನನ್ನ ಮಗಳನ್ನ ತಿಂತಿತ್ತು," ಎಂದರು. ಅಯ್ಯೋ ಶಿವನೇ, ಬೀಗ ಹಾಕಿದ್ದು ನಾನೇ? ಸಿಟ್ಟು ಬಂತು. ಆದರೆ ಬೈಯುತ್ತಲೇ ಅವರು ಮಗಳ ತಲೆಯ ಬಟ್ಟೆ ಬಿಚ್ಚತೊಡಗಿದರು. ನನ್ನನ್ನು ಬೈದಾದರೂ ಹಗುರಾಗಲಿ ಎಂದುಕೊಂಡೆ.

ಅಂದೇ ಸಂಜೆ ಚನ್ನವೀರಪ್ಪನವರು ಮಗಳ ಮಂಚವನ್ನು ಅಡುಗೆಮನೆಯ ಪಕ್ಕದ ಕೋಣೆಗೆ ಇಳಿಸಿದರು, ಅವಳನ್ನು ಡಾಕ್ಟರ ಬಳಿಗೂ ಕರೆದೊಯ್ದರು. ಕೆಳಗಿನ ಕೋಣೆಯಲ್ಲಿ ಕೈ ಚಾಚಿದರೆ ಅವ್ವ ಸಿಗುತ್ತಾರೆ, ಸ್ಕ್ರೀನು ಬೇಕಿಲ್ಲ. ಆಗಬೇಕಾದದ್ದೂ ಅದೇ. ಆದರೂ ಮಂಚವಿಲ್ಲದ ನನ್ನ ಕೋಣೆಯನ್ನು ನೋಡುತ್ತ ನನಗೆ ತುಂಬ ದುಃಖವಾಯಿತು.

ವಾರದೊಳಗೆ ಇಮ್ತಿಯಾಜ್ ಬಂದು ನನ್ನನ್ನು ಬಿಚ್ಚಿಕೊಂಡು ಹೋದ. ಯಾಕೆಂದು ಅವನಿಗೆ ಯಾರೂ ಹೇಳಲಿಲ್ಲ. ಅಂದಿನಿಂದ ಅವನ ಅಂಗಡಿಯ ಗಾಜಿನ ಕಪಾಟಿನಲ್ಲಿದ್ದೇನೆ. ನನಗಿಂತ ತೆಳ್ಳನೆಯವರು ಬಂದರು, ಮಾರಾಟವಾಗಿ ಹೋದರು. ನನ್ನ ಗಾಜಿಗೆ ಗೀರು ಬಿದ್ದಿದೆ, ಒಂದು ಮೂಲೆ ಮಂಕಾಗಿದೆ. ಕರೆಂಟು ಬಂದಾಗಲೆಲ್ಲ ಅಭ್ಯಾಸಬಲದಿಂದ ಅಡುಗೆಮನೆಯ ಅಕ್ಕನನ್ನು ಹುಡುಕುತ್ತೇನೆ, ಸಿಗುವುದಿಲ್ಲ.

ಇವತ್ತು ಒಬ್ಬ ಗಿರಾಕಿ ಬಂದಿದ್ದಾನೆ. ಅವನ ತಾಯಿ ಪಾರ್ಶ್ವವಾಯು ಬಡಿದು ಮಹಡಿಯ ಮೇಲೆ ಹಾಸಿಗೆ ಹಿಡಿದಿದ್ದಾರಂತೆ, ಕರೆಯಲು ಅಗ್ಗದ್ದೊಂದು ಬೇಕಂತೆ. ಇಮ್ತಿಯಾಜ್ ನನ್ನನ್ನು ಹೊರಗೆ ತೆಗೆದು ಒರೆಸಿದ.

"ಒಂದ್ ಮಾತ್ರೀ," ಎಂದ ಆತ, ಸ್ವಲ್ಪ ಸಂಕೋಚದಿಂದ. "ನಮ್ಮವ್ವ ಗಂಟಿ ಕೊಟ್ರ ಸುಮ್ಮಸುಮ್ಕ ಬಾರಸ್ತಾಳ. ಹೋಗಿ ನೋಡಿದ್ರ ಏನೂ ಇರೂದಿಲ್ಲ. ನಮಗ ಬ್ಯಾಡಾದಾಗ ಕೆಳಗಿಂದ ಬಂದ್ ಮಾಡಾಕ ಬರತೈತೇನ್ರೀ?"

"ಬರತೈತ್ರೀ, ಲಾಕ್ ಐತಿ," ಎಂದ ಇಮ್ತಿಯಾಜ್.

ಹೊಸ ಮನೆಗೆ ಹೋಗುವ ಮೊದಲು ಹಳೆಯದನ್ನು ಅಳಿಸಬೇಕು. 'ಎಲ್ಲವನ್ನೂ ಅಳಿಸಲೇ?' ಎಂಬ ಪ್ರಶ್ನೆ ಈಗ ನನ್ನ ಮುಖದ ಮೇಲೆಯೇ ಇದೆ, ಇಮ್ತಿಯಾಜನ ಬೆರಳು ಬರುತ್ತಿದೆ. ಅಳಿಸಿದ ಮೇಲೆ ಶಿವಲೀಲಾ ಯಾರೋ, ನಾನು ಯಾರೋ. ಆಗ ಹೇಳೋಣವೆಂದರೂ ನನಗೆ ನೆನಪಿರುವುದಿಲ್ಲ. ಅದಕ್ಕೇ ಈಗಲೇ, ಕೇಳಿಸಲಿ ಬಿಡಲಿ, ಹೇಳುತ್ತಿದ್ದೇನೆ: ನಿಮ್ಮವ್ವ ಸುಮ್ಮಸುಮ್ಮನೆ ಕರೆಯುತ್ತಿಲ್ಲಪ್ಪಾ. ಏನೂ ಇಲ್ಲದಿದ್ದರೂ ಹೋಗಿ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತುಕೋ.