ಸಿರುಗುಪ್ಪದ ದಾರಿಗೆ ದಪ್ಪ ಗಾಲಿ

ಎರಡನೆಯ ಮಹಾಯುದ್ಧ ಮುಗಿದು ಅಂಗಡಿಗಳಲ್ಲಿ ಟೈರು ಟ್ಯೂಬು ಮತ್ತೆ ಸಿಗತೊಡಗಿದ್ದ ಕಾಲ. ನನ್ನ ಮದುವೆಯಲ್ಲಿ ಅಳಿಯನಿಗೆ ಸೈಕಲ್ಲು ಕೊಡುವುದೆಂದು ಮಾತಾಯಿತು. ನಮ್ಮಪ್ಪ ಮಾಡಿದ ತಪ್ಪು ಒಂದೇ: "ನಿಮಗ ಬೇಕಾದ್ದು ನೀವ ಆರಿಸ್ಕೋರಿ" ಎಂದು ಅಳಿಯನನ್ನೇ ಬಳ್ಳಾರಿಯ ಅಂಗಡಿಗೆ ಕರೆದುಕೊಂಡು ಹೋದದ್ದು. ನಮ್ಮ ಮನೆಯವರು ಆರಿಸಿದರು ನೋಡಿ, ರೇಸಿನ ಸೈಕಲ್ಲು! ಬೆರಳು ದಪ್ಪದ ಟೈರು, ತೆಳ್ಳನೆಯ ರಿಮ್ಮು, ಫಳಫಳ ಹೊಳೆಯುವ ಕಡ್ಡಿಗಳು. ಬಳ್ಳಾರಿಯ ಡಾಂಬರಿನ ಮೇಲೆ ಅದು ಓಡುತ್ತಿತ್ತೇನೋ. ಆದರೆ ಇವರು ಮೇಷ್ಟ್ರಾಗಿದ್ದದ್ದು ಸಿರುಗುಪ್ಪದಲ್ಲಿ, ಮನೆ ಇದ್ದದ್ದು ಕುರುಗೋಡಿನಲ್ಲಿ. ನಡುವಿನ ದಾರಿಯೆಲ್ಲ ಬಂಡಿಜಾಡು, ಚೂಪುಗಲ್ಲು, ಜಾಲಿಮುಳ್ಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದರೆ ಇದೇ.

ಇವರು ಅಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ, ನಾನು ಇಲ್ಲಿ ಅತ್ತೆಯ ಹತ್ತಿರ. "ಸುಗ್ಗಿ ಮುಗೀಲಿ, ಆಮ್ಯಾಲೆ ಸೊಸೀನ ಕಳಸ್ತೀನಿ" ಎಂದರು ಅತ್ತೆ ವಿರೂಪಮ್ಮ. ಸುಗ್ಗಿ ಮುಗಿಯಿತು. "ಶ್ರಾವಣ ಮುಗೀಲಿ" ಎಂದರು. ಅದೂ ಮುಗಿಯಿತು. ತಾಯಿಯ ಎದುರು ಇವರ ಬಾಯಿಗೆ ಬೀಗ. ನನಗೆ ಗಂಡ ಸಿಗುತ್ತಿದ್ದದ್ದು ಭಾನುವಾರ ಮಾತ್ರ, ಆ ಭಾನುವಾರವನ್ನೂ ಸೈಕಲ್ಲು ತಿನ್ನುತ್ತಿತ್ತು. ಶನಿವಾರ ಶಾಲೆ ಬಿಟ್ಟು ಹೊರಟವರು, ಪಂಕ್ಚರಾದ ಸೈಕಲ್ಲನ್ನು ನೂಕಿಕೊಂಡು ಯಾವಾಗಲೋ ಬರುವರು. ಬೆಳಗಾದರೆ ಅದನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿಕೊಂಡು ಕೂರುವರು.

"ರೀ, ದಪ್ಪ ಗಾಲಿ ಹಾಕಿಸ್ರಿ" ಎಂದೆ.

"ಅದು ಹಾಲು ಮಾರೋರ ಸೈಕಲ್ಲು. ನಾಕು ಮಂದಿ ನಗ್ತಾರ."

"ಈಗ ಸೈಕಲ್ಲ ನಿಮ್ಮ ಹೆಗಲ ಮ್ಯಾಲೆ ಕುಂತು ಬರ್ತೈತಿ. ಅದಕ್ಕ ಯಾರೂ ನಗಾಂಗಿಲ್ಲೇನು?"

ಅವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. 'ನೀವು ಬೇಗ ಬರಬೇಕು, ನನ್ನ ಹತ್ತಿರ ಕೂತು ಮಾತಾಡಬೇಕು' ಎಂದು ಬಾಯಿಬಿಟ್ಟು ಹೇಳಿದರೆ ಅತ್ತೆ ನನ್ನನ್ನು ನಾಚಿಕೆಗೆಟ್ಟವಳು ಎನ್ನುವರು. ಅದಕ್ಕೇ ತಿಂಗಳುಗಟ್ಟಲೆ ಗಾಲಿಯ ಮಾತನ್ನೇ ಆಡಿದೆ.

ದಸರೆಗೆ ಮುಂಚೆ ಒಂದು ಗುಂಡಿಗೆ ಬಿದ್ದು ಮುಂದಿನ ರಿಮ್ಮು ಸೊಟ್ಟಗಾಯಿತು. ಶಿವ ಕಣ್ಣು ಬಿಟ್ಟ ಎಂದುಕೊಂಡೆ. ಆ ತೆಳ್ಳನೆಯ ರಿಮ್ಮಿಗೆ ದಪ್ಪ ಟೈರು ಕೂರುವುದಿಲ್ಲವಂತೆ, ಈಗ ಹೇಗೂ ಹೊಸ ರಿಮ್ಮು ಹಾಕಿಸಲೇಬೇಕಿತ್ತು. ಇವರು ಬಳ್ಳಾರಿಗೆ ಹೋಗಿ ಎರಡೂ ಗಾಲಿ ಬದಲಿಸಿದರು, ಟೈರಿಗೆ ಉಜ್ಜುತ್ತದೆಂದು ಮಡ್‌ಗಾರ್ಡು ಬಿಚ್ಚಿಸಿದರು, ಹಿಂದೆ ಗಟ್ಟಿಯಾದ ಕ್ಯಾರಿಯರ್ ಕೂರಿಸಿದರು.

ಮುಂದಿನ ಶನಿವಾರ ಹೊತ್ತು ಮುಳುಗುವ ಮೊದಲೇ ಬಂದುಬಿಟ್ಟರು! ನಾನು ಕುಣಿಯುವುದೊಂದು ಬಾಕಿ. ಒಲೆಯ ಮೇಲೆ ರೊಟ್ಟಿ ಉಬ್ಬುತ್ತಿರುವಾಗಲೇ ಅತ್ತೆ ಮಗನನ್ನು ಕರೆದದ್ದು ಕೇಳಿತು: "ಮರಿಬಸಾ, ಗಾಲಿ ಗಟ್ಟಿ ಅದಾವಲ್ಲ, ಈ ಜೋಳದ ಚೀಲ ಗಿರಣಿಗೆ ಒಯ್ದು ಬಾ."

ಮರುದಿನ ಇವರ ಸೋದರಮಾವ ಉಜ್ಜಿನಪ್ಪನಿಗೆ ಮೊಣಕಾಲು ನೋವು, ಅವನನ್ನು ಬಳ್ಳಾರಿಯ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಅದರ ಮುಂದಿನ ವಾರ ಯಾರದೋ ಹತ್ತಿಬೀಜ, ಇನ್ಯಾರದೋ ಹಿಂಡಿ. ಊರ ಉಸಾಬರಿಯೆಲ್ಲ ನಮ್ಮ ಕ್ಯಾರಿಯರ್ ಮೇಲೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೊದಲಾದರೆ ಇವರು ಅಂಗಳದಲ್ಲಾದರೂ ಇರುತ್ತಿದ್ದರು. ನಾನು ಬೋಗುಣಿಯಲ್ಲಿ ನೀರು ತಂದಿಡುತ್ತಿದ್ದೆ. ತೂತು ಹುಡುಕಲು ಟ್ಯೂಬನ್ನು ನೀರಿಗೆ ಅದ್ದಿದಾಗ ನಮ್ಮಿಬ್ಬರ ಬೆರಳು ತಾಕುತ್ತಿದ್ದವು. ಪಂಕ್ಚರ್ ಆಗಲಿಲ್ಲವೆಂದು ಅಳುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಇನ್ನೊಂದು ಭಾನುವಾರವೂ ಹೀಗೆಯೇ ಹೋಯಿತು. ಮಧ್ಯಾಹ್ನ ಇವರು ಸಿರುಗುಪ್ಪಕ್ಕೆ ಹೊರಟು ನಿಂತರು. ಉಜ್ಜಿನಪ್ಪ ಮಾವ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದ.

"ಏನ್ ಗಾಲಿ ಅದಾವಲೇ! ನನ್ನಂಥ ದಡಿಯನ್ನ ಬಳ್ಳಾರಿ ಮುಟ್ಟಿಸಿ ತಂದ್ವು" ಎಂದ.

"ಚೀಲ ಜೋಳ ಹೇರಿದ್ರೂ ಜಗ್ಗಾಂಗಿಲ್ಲ" ಎಂದರು ಅತ್ತೆ, ಗಾಲಿ ತಾವೇ ಹೆತ್ತವರ ಹಾಗೆ.

ನನಗೆ ಸಾಕಾಯಿತು. ಒಳಗೆ ಹೋದೆ. ಎರಡು ಸೀರೆ, ಕುಬಸ ಗಂಟು ಕಟ್ಟಿದೆ. ಹೊರಗೆ ಬಂದು ಕ್ಯಾರಿಯರ್ ಮೇಲೆ ಕೂತುಬಿಟ್ಟೆ.

"ಏನಲೇ ಇದು?" ಅತ್ತೆ ಎದ್ದು ನಿಂತರು.

"ಚೀಲ ಜೋಳಕ್ಕಿಂತ ನಾನು ಹಗುರ ಅದೀನ್ರಿ ಅತ್ತಿ. ಉಜ್ಜಿನಪ್ಪ ಮಾವನ ಅರ್ಧಾನೂ ಇಲ್ಲ. ಗಂಡನ ಕೂಡ ಬಾಳೇವು ಮಾಡಾಕ ಹೊಂಟೀನಿ."

"ಯವ್ವಾ, ಮಾನ ಕಳದ್ಲು! ಮರಿಬಸಾ, ಇಳಸು ಅಕೀನ!"

ಇವರು ಹ್ಯಾಂಡಲ್ ಹಿಡಿದು ನಿಂತಿದ್ದರು. ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಇಳಿ ಎಂದರೆ ಇಳಿಯಲೇಬೇಕು, ಇಳಿದರೆ ಇನ್ನೆಂದೂ ಹತ್ತುವುದಿಲ್ಲ ಎಂದು ಹಲ್ಲು ಕಚ್ಚಿ ಕೂತಿದ್ದೆ. ಅವರು ಬಗ್ಗಿ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಇಬ್ಬರಿಗೆ ಗಾಳಿ ಸಾಲಂಗಿಲ್ಲವ್ವ" ಎಂದು ಪಂಪು ತರಲು ಒಳಗೆ ಹೋದರು.