ಹನ್ನೊಂದನೇ ಪುಟದ ಕಿರುಬೆರಳು

ಗಂಟೆ ಬಾರಿಸಿ ಆಯಿತು, ಸ್ಪರ್ಧೆಯ ತೀರ್ಪುಗಾರ್ತಿ ಕನ್ನಡಕ ಏರಿಸಿಕೊಂಡು ಕೂತೂ ಆಯಿತು, ಈ ಟ್ಯಾಮ್ಸಿನ್ ಇನ್ನೂ ಪಿಯಾನೋ ಸ್ಟೂಲಿನ ತಿರುಪು ತಿರುಗಿಸುತ್ತಲೇ ಇದ್ದಾಳೆ, ಎರಡು ಸುತ್ತು ಕೆಳಗೆ, ಅರ್ಧ ಸುತ್ತು ಮೇಲೆ — ಎತ್ತರ ಸರಿಯಾಗಿತ್ತಲ್ಲೇ ಹುಡುಗಿ, ನನ್ನ ಮನೆಯಲ್ಲಿ ಆರು ವರ್ಷ ಕೂತು ನುಡಿಸಿದ ಎತ್ತರ ಅದು, ಈಗ ತಗ್ಗಿಸುವುದನ್ನೂ ಅವನೇ ಹೇಳಿಕೊಟ್ಟಿರಬೇಕು, ಮೆಲ್ಬರ್ನಿನ ಆ ಡಾಕ್ಟರ್ ವಾಸ್ಕೊ, ಮೂರೇ ಮೂರು ಪಾಠದಲ್ಲಿ ನನ್ನ ಆರು ವರ್ಷದ ದುಡಿಮೆಯನ್ನು ತೊಳೆದುಹಾಕಿದ ಮಹಾನುಭಾವ. ನನಗೆ ಮೈಯೆಲ್ಲ ಉರಿಯುತ್ತಿದೆ. ಎರಡು ಸಾಲು ಮುಂದೆ ಅವಳ ತಾಯಿ ಗ್ಲೆನಿಸ್ ಕೂತಿದ್ದಾಳೆ, ಆಗಲೇ ಹೊರಗೆ ಚಹಾದ ಹತ್ತಿರ ಸಿಕ್ಕಾಗ ನನ್ನ ಕೈಗೆ ಒಂದು ತುಂಡು ಲ್ಯಾಮಿಂಗ್ಟನ್ ತುರುಕಿ ತಿನ್ನಿ ತಿನ್ನಿ ಅಂದಳು, ಕೇಕು ಕೊಟ್ಟರೆ ಸರಿಹೋಗುತ್ತದೆ ಅಂದುಕೊಂಡಿದ್ದಾಳೆ. ಮೂರು ವಾರದ ಹಿಂದೆ ಇವಳೇ ನನ್ನ ಬಾಗಿಲಲ್ಲಿ ನಿಂತು, ಒಳಗೂ ಬರದೆ, ವರ್ನಾ ನೀವು ಬೇಜಾರು ಮಾಡ್ಕೋಬೇಡಿ, ಕೊನೇಲಿ ಸ್ವಲ್ಪ ಪಾಲಿಶ್ ಮಾಡ್ಸೋಣ ಅಂತ ಅಷ್ಟೇ, ಅವ್ರು ದೊಡ್ಡೋರು, ದೊಡ್ಡ ದೊಡ್ಡ ಕಡೆ ನುಡ್ಸಿರೋರು — ಪಾಲಿಶ್ ಅಂತೆ, ಬೂಟಿಗೆ ಮಾಡಿಸಿದ ಹಾಗೆ. ಆಮೇಲೆ ತಡೆಯಲಾರದೆ ಅದನ್ನೂ ಹೇಳಿಬಿಟ್ಟಳು, ಅವರು ಟ್ಯಾಮ್ಸಿನ್ ಕೈ ನೋಡಿ ನಕ್ಕರಂತೆ, ಈ ಕಿರುಬೆರಳನ್ನ ಯಾರಮ್ಮ ಮಲಗಿಸಿಬಿಟ್ಟಿರೋದು ಅಂದರಂತೆ. ಮಲಗಿಸಿದ್ದು. ನಾನು.

ಶುರುಮಾಡಿದಳು. ಮೆಲ್ಲಗೆ, ಹಾಗೆ, ಎಡಗೈ ಭಾರ ಬೇಡ, ಸರಿ — ಆ ಮೊದಲ ಪುಟದ ಉಸಿರು ನನ್ನದು, ಯಾವ ವಾಸ್ಕೊನದೂ ಅಲ್ಲ, ಎರಡು ಕೈ ಬೇರೆ ಬೇರೆ, ಕಣ್ಣು ಮುಚ್ಚಿ, ಕೊನೆಯ ಸಾಲಿನಿಂದ ಹಿಂದಕ್ಕೆ ಹಿಂದಕ್ಕೆ, ಬೇಸರದಿಂದ ಅಳುವ ತನಕ ಅವಳ ಕೈಲಿ ನುಡಿಸಿದ್ದೇನೆ ಈ ಹದಿನಾಲ್ಕು ಪುಟವನ್ನು. ಹನ್ನೆರಡು ಕಡೆ ಗುರುತು ಹಾಕಿ ನಿಲ್ದಾಣ ಅಂತ ಕರೆದಿದ್ದೆವು, ನಾನು ಅಡುಗೆಮನೆಯಿಂದ ಏಳು ಅಂತ ಕೂಗಿದರೆ ಏಳರಿಂದ, ಒಂಬತ್ತು ಅಂದರೆ ಒಂಬತ್ತರಿಂದ ಎತ್ತಿಕೊಳ್ಳಬೇಕು, ಎಲ್ಲಿ ಬಿದ್ದರೂ ಏಳುವುದಕ್ಕೆ ಒಂದು ಜಾಗ ಇರಲಿ ಅಂತ. ಯಾಕೆಂದರೆ ಹೋದ ವರ್ಷ ಬಿದ್ದಿದ್ದಳು, ಇದೇ ವಾರ್ನಂಬೂಲ್ ಊರಿನಲ್ಲಿ, ಇದೇ ಹಾಲಿನಲ್ಲಿ, ಹನ್ನೊಂದನೇ ಪುಟದಲ್ಲಿ ಕೈ ತಡವರಿಸಿ ನಿಂತು, ಎದ್ದು, ಒಂದು ನಮಸ್ಕಾರವನ್ನೂ ಮಾಡದೆ ಪರದೆಯ ಹಿಂದೆ ಓಡಿಹೋಗಿದ್ದಳು. ಕಾರಿನಲ್ಲಿ ಮೂಗು ಒರೆಸಿಕೊಳ್ಳುತ್ತ, ಮಿಸೆಸ್ ಡನ್‌ಸ್ಟನ್, ಇನ್ನೊಂದೇ ಒಂದು ಸಲ ನುಡಿಸ್ತೀನಿ, ಮತ್ತೆ ಹೀಗೇ ಆದ್ರೆ ಪಿಯಾನೋ ಮುಟ್ಟಲ್ಲ ನಾನು ಅಂದಳು. ಹದಿನೇಳು ವರ್ಷದ ಹುಡುಗಿ, ಹೇಳಿದರೆ ಮಾಡುವವಳು, ಈಜು ಬಿಟ್ಟ ದಿನ ಹಾಗೇ ಬಿಟ್ಟಳು, ಮತ್ತೆ ನೀರಿಗಿಳಿಯಲಿಲ್ಲ. ನಾನು ಏನಂದೆ, ನಿನ್ನ ಬೆರಳು ಸರಿಯಾಗೇ ಇದೆ, ನಿನಗೆ ಧೈರ್ಯ ಸಾಲದು ಅಷ್ಟೇ. ವರ್ಷವಿಡೀ ಅದನ್ನೇ ಅಂದೆ. ಧೈರ್ಯ, ಧೈರ್ಯ. ಅಷ್ಟು ಕಷ್ಟಪಟ್ಟು ಕಟ್ಟಿದ ಧೈರ್ಯವನ್ನು ಸ್ಪರ್ಧೆಗೆ ಮೂರು ವಾರ ಇರುವಾಗ ಅವನು ಬಂದು ಬೆರಳು ಬದಲಾಯಿಸುತ್ತಾನೆ, ಯಾವ ಮೂರ್ಖನೂ ಮಾಡದ ಕೆಲಸ, ಯಾವ ಸ್ವರಕ್ಕೆ ಯಾವ ಬೆರಳು ಅಂತ ನಾನು ಬರೆದುಕೊಟ್ಟ ಅಂಕಿಗಳ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ಐದು, ಐದು, ಐದು ಅಂತ ಬರೆಯುತ್ತಾನೆ, ಎಲ್ಲ ಕಡೆಯೂ ಕಿರುಬೆರಳು. ಈ ಹುಡುಗಿ ಏನಾದರೂ ನಿಂತರೆ ನಾನು ಗ್ಲೆನಿಸ್‌ಳ ಮುಖಕ್ಕೇ ಹೇಳುತ್ತೇನೆ, ಇಷ್ಟು ಜನರ ಮುಂದೆ ಹೇಳುತ್ತೇನೆ. ನಿಲ್ಲಲಿ ಅಂತ ಬಯಸುತ್ತಿದ್ದೇನಾ, ಛೆ, ಇಲ್ಲ, ಒಂಚೂರು ಹೌದು, ದೇವರೇ, ಹೌದು.

ನಾಲ್ಕನೇ ಪುಟ. ಹನ್ನೊಂದನೇ ಪುಟದ ಆ ಕಷ್ಟದ ಪಟ್ಟೇ ಇಲ್ಲಿ ನಿಧಾನವಾಗಿ ಬರುತ್ತದೆ, ಬಲಗೈಯ ಒಳಬೆರಳುಗಳು ಕೆಳಗೆ ಪಟಪಟ ಅನ್ನುತ್ತಿರಬೇಕು, ಮೇಲಿನ ರಾಗವನ್ನು ಹೊರಗಿನ ಬೆರಳು ಹಿಡಿದಿರಬೇಕು — ಕಿರುಬೆರಳು ಹಾಕಿದಳು, ಅವನದು, ಚೆನ್ನಾಗಿಯೇ ಕೇಳಿಸಿತು, ಸಂಕಟ. ಐದು, ಆರು, ಏಳು. ತೀರ್ಪುಗಾರ್ತಿ ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದಾಳೆ. ಒಂಬತ್ತರಲ್ಲಿ ವೇಗ ಏರಿತು, ಹತ್ತರಲ್ಲಿ ಹುಡುಗಿಯ ಭುಜ ಕಿವಿಯ ಕಡೆಗೆ ಏರಿತು, ಹೆದರಿದಳು, ನನಗೆ ಗೊತ್ತು ಆ ಭುಜ, ಹನ್ನೊಂದು ಬಂತು, ಬಂತು, ಹೆದರಿದ ಕೈ ಹಳೆಯ ದಾರಿಯನ್ನೇ ಹಿಡಿಯಿತು, ಉಂಗುರ ಬೆರಳು ಮೇಲಿನ ಸ್ವರಕ್ಕೆ ಹಾರಿತು, ನಾಲ್ಕು, ನನ್ನ ನಾಲ್ಕು, ಕಿರುಬೆರಳು ಗಾಳಿಯಲ್ಲಿ ಸೆಟೆದು ನಿಂತಿತು, ಮುಂದಿನ ಹಾರಿಕೆಗೆ ಕೈಗೆ ಹೊತ್ತು ಸಾಲಲಿಲ್ಲ, ತಪ್ಪು ಸ್ವರ, ಇನ್ನೊಂದು ತಪ್ಪು, ನಿಂತಳು. ಗ್ಲೆನಿಸ್ ತಿರುಗಿ ನನ್ನನ್ನು ನೋಡಿದಳು, ಏನು ನೋಡುತ್ತೀಯ, ನಿನ್ನ ದೊಡ್ಡ ಮನುಷ್ಯನನ್ನು ಕೇಳು — ಆದರೆ ಬಿದ್ದದ್ದು ಅವನ ಬೆರಳಲ್ಲ. ನನ್ನದು. ಹೋದ ವರ್ಷವೂ ಅದೇ ಸ್ವರ, ಅದೇ ಹಾರಿಕೆ. ಅದು ಧೈರ್ಯದ ಮಾತೇ ಆಗಿರಲಿಲ್ಲ. ನಾಲ್ಕು ಅಂತ ಅಲ್ಲಿ ಮೊದಲು ಬರೆದವರು ನನ್ನ ಮೇಷ್ಟ್ರು ಲಾಕ್ಯರ್, ಪೆನ್ಸಿಲಿನಲ್ಲಿ, ಎಪ್ಪತ್ತೊಂಬತ್ತರ ಚಳಿಗಾಲ, ನೆಟ್‌ಬಾಲ್ ಆಡುವಾಗ ನನ್ನ ಬಲ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಪಾಪ ಮಗು, ನಿನ್ನ ಬೆರಳಿಗೆ ಆಗೋ ಹಾಗೆ ಬರ್ಕೊಡ್ತೀನಿ ಬಿಡು ಅಂದಿದ್ದರು. ನಿನ್ನ ಬೆರಳಿಗೆ. ನನ್ನ ಒಂದು ಬೆರಳಿಗೆ ಮಾತ್ರ. ಆ ಪ್ರತಿಯನ್ನೇ ನಕಲು ಮಾಡಿಸಿ ಮಾಡಿಸಿ ಮೂವತ್ತೆರಡು ವರ್ಷ ಹಂಚಿದೆ, ನನ್ನ ಪದ್ಧತಿ ಅಂತ ಹೆಸರಿಟ್ಟೆ, ಬೆರಳು ನೆಟ್ಟಗಿದ್ದ ಮಕ್ಕಳಿಗೆ.

ಟ್ಯಾಮ್ಸಿನ್ ಏಳಬೇಡ, ಸ್ಟೂಲಿನಿಂದ ಏಳಬೇಡ ಕಣೇ, ಒಂಬತ್ತು, ಒಂಬತ್ತು ಅಂತ ಕೂಗಬೇಕು ಅನಿಸುತ್ತಿದೆ, ಹಾಲಿನಲ್ಲಿ ಕೂಗುವುದು ಹೇಗೆ, ಅವಳೇ ಎತ್ತಿಕೊಂಡಳು, ಒಂಬತ್ತನೇ ನಿಲ್ದಾಣದಿಂದಲೇ, ಶಾಭಾಸ್, ಬಾ, ಭುಜ ಇಳಿಸು, ಈಗ ನನ್ನದು ಬೇಡ, ನನ್ನ ಮಾತು ಕೇಳಬೇಡ, ಅವನದು ಹಾಕು, ಆ ಹಾಳಾದವನದೇ ಹಾಕು, ಹನ್ನೊಂದನೇ ಪುಟ — ಕಿರುಬೆರಳು ಇಳಿಯಿತು. ಸ್ವರ ಸ್ವಚ್ಛವಾಗಿ ಎದ್ದಿತು, ಮತ್ತೊಂದು, ಮತ್ತೊಂದು, ಹಾರಿಕೆಯೇ ಇಲ್ಲ, ಅವಳು ಮುಂದೆ ಹೋಗಿಬಿಟ್ಟಳು, ಹನ್ನೆರಡಕ್ಕೆ, ಹದಿಮೂರಕ್ಕೆ, ಇನ್ನು ಇವಳು ಬಿಡುವುದಿಲ್ಲ, ಇವಳು ನುಡಿಸುತ್ತಾಳೆ. ನಾನು ಅವಳ ಜೊತೆ ಹೋಗಲಾರದೆ ಇಲ್ಲೇ ಉಳಿದಿದ್ದೇನೆ, ಯಾರ ಮೇಲೆ ಸಿಟ್ಟು ಮಾಡಲಿ ಈಗ. ಧೈರ್ಯ ಸಾಲದು ಅಂತ ನಾನು ಹೇಳಿ ಹೇಳಿ ಮನೆಗೆ ಕಳಿಸಿದ ಬ್ರೆಂಡನ್ ಇದ್ದ, ಆ ಲೊರೇನ್ ಇದ್ದಳು, ಎರಡು ಜಡೆಯ ಪೆಟ್ರಾ, ಕಣ್ಣೀರು ಹಾಕಿಕೊಂಡು ಪಿಯಾನೋ ಮುಚ್ಚಳ ಮುಚ್ಚಿ ಹೋದವರು, ಆ ಪಟ್ಟಿನ ಹತ್ತಿರ ಬಂದಾಗ ಎಲ್ಲರ ಬಲಗೈಯೂ ಒಂದೇ ಥರ ಹಾರುತ್ತಿತ್ತು, ಎಲ್ಲರದೂ, ನೆಟ್ಟಗಿದ್ದ ಕಿರುಬೆರಳು ಗಾಳಿಯಲ್ಲಿ ಸೆಟೆದು ನಿಂತಿರುತ್ತಿತ್ತು.